ಹಲಗೆ ಹಾಕಿದವರು ಯಾರು

ಆ ಪ್ರಕಾಶಕರ ಮೇಲೆ ನನಗೆ ಈಗಲೂ ಸಿಟ್ಟಿದೆ. ಅರವತ್ತರ ದಶಕದ ಆರಂಭದಲ್ಲಿ ನನ್ನ ಮೊದಲ ಕಾದಂಬರಿಯನ್ನು ಹೊನ್ನಾವರದಲ್ಲಿ ಅವರ ಮೇಜಿನ ಮೇಲಿಟ್ಟಿದ್ದೆ. ಕಾಗಾಲದಲ್ಲಿ ಸಮುದ್ರದ ಉಪ್ಪುನೀರು ಏರಿಬರುವ ಹೊಳೆಯಂಚಿನ ಗಜನಿ ಗದ್ದೆಗಾಗಿ ಕಿತ್ತಾಡುವ ಅಣ್ಣತಮ್ಮಂದಿರ ಕತೆ ಅದು. ಜೊತೆಗೊಂದು ಉಪಕತೆ, ಅವರ ವಿಧವೆ ಅಕ್ಕನದು. ದಿನಕ್ಕೆರಡು ಸಲ ಹೊಳೆಯ ನೀರು ಇಳಿದಾಗ ಅವಳು ಕಟ್ಟೆಯ ಕಂಡಿಯಿಂದ ಹಲಗೆ ತೆಗೆದು ಗದ್ದೆಯ ಮಳೆನೀರು ಬಿಡಬೇಕು, ಉಪ್ಪುನೀರು ಏರುವ ಮೊದಲು ಮತ್ತೆ ಹಾಕಬೇಕು. ಅವಳ ಊಟ, ನಿದ್ದೆ, ನೆಂಟರ ಮನೆಯ ಮದುವೆ ಎಲ್ಲವೂ ಅದಕ್ಕೆ ಹೊಂದಿಕೊಂಡೇ ನಡೆಯಬೇಕು. ಅವಳು ಬೇರೆ ಯಾರೂ ಅಲ್ಲ, ನನ್ನ ಸೋದರತ್ತೆ.

ಪ್ರಕಾಶಕರು ಘಟ್ಟದ ಮೇಲಿನವರು, ಗಜನಿ ಕಂಡವರಲ್ಲ. ಅಣ್ಣತಮ್ಮಂದಿರ ನಡುವೆ ಈ ಹೆಂಗಸಿಗೇನು ಕೆಲಸ ಎಂದವರೇ ಕೆಂಪು ಪೆನ್ಸಿಲಿನಿಂದ ಅವಳ ನಾಲ್ಕೂ ಅಧ್ಯಾಯ ಹೊಡೆದುಹಾಕಿದರು. ಗದ್ದೆ ಉಳಿಯುವ ಕೊನೆಯ ಪ್ರಸಂಗದಲ್ಲಿ 'ಅಷ್ಟರಲ್ಲಿ ಕಂಡಿ ಮುಚ್ಚಿತು' ಎಂದು ತಾವೇ ಬರೆದರು. ತಾನಾಗಿ ಮುಚ್ಚಿಕೊಳ್ಳಲು ಅದೇನು ನಾಚಿಕೆಮುಳ್ಳೇ? ಹಾಗೆಂದು ನಾನು ಕೇಳಲಿಲ್ಲ. ಹೆಸರು ಅಚ್ಚಾಗುವ ಆಸೆಗೆ ಬಾಯಿ ಮುಚ್ಚಿಕೊಂಡು ಒಪ್ಪಿದೆ. ಅವಳಿದ್ದಾಗ, ಜಗಳವಾಡುವ ಇಬ್ಬರೂ ಉಣ್ಣುವ ಅನ್ನ ಯಾರ ಕೈಯದು ಎಂದು ಓದುವವರಿಗೆ ತಿಳಿಯುತ್ತಿತ್ತು. ಅವಳು ಹೋದಮೇಲೆ ಉಳಿದದ್ದು ಬರೀ ತಕರಾರು ಅರ್ಜಿ.

ಅತ್ತೆಗೆ ಓದಲು ಬರುತ್ತಿರಲಿಲ್ಲ. ತಾನು ಪುಸ್ತಕದಲ್ಲಿದ್ದೇನೆಂದು ಕೇರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅವಳಿಗೆ ಹಾಗೆ ಹೇಳಿದ್ದು ನಾನೇ. ಪುಸ್ತಕ ಬಂದ ಮಳೆಗಾಲದಲ್ಲಿ ಮೂರು ಮಧ್ಯಾಹ್ನ ಜಗಲಿಯ ಮೇಲೆ ಕೂತು ಓದಿ ಹೇಳಿದೆ. ಕತೆಯೊಳಗೆ ತಾನು ಈಗ ಬರುತ್ತೇನೆ, ಆಗ ಬರುತ್ತೇನೆ ಎಂದು ಅವಳು ಕಾದಳು. ಕಂಡಿ ಮುಚ್ಚಿದ ಸಾಲು ಬಂತು.

"ಹಲ್ಗೆ ಹಾಕ್ದವ್ರು ಯಾರು?" ಎಂದಳು.

ಯಾರೂ ಇಲ್ಲ, ನಿನ್ನನ್ನು ಅಚ್ಚಿನಲ್ಲಿ ತೆಗೆದಿದ್ದಾರೆ, ನಾನೂ ಒಪ್ಪಿದೆ ಎಂದೆ. ನೀರೇರುವ ಹೊತ್ತಾಗಿತ್ತು, ನಮ್ಮ ಗದ್ದೆಯ ಕಂಡಿ ತೆರೆದೇ ಇತ್ತು. ಅತ್ತೆ ಏಳಲಿಲ್ಲ. ಕವಳದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು.

"ಆತು. ಹಂಗಾರೆ ಇವತ್ತೂ ಅದೇ ಮುಚ್ಕಳ್ಳಿ."

ಕಟ್ಟೆಗೆ ಓಡಿದೆ. ಮೊದಲ ಹಲಗೆ ಹೇಗೋ ಕೂತಿತು. ಎರಡನೆಯದನ್ನು ನೀರು ಕೈಯಿಂದ ಕಿತ್ತುಕೊಂಡಿತು. ಇದರ ಮೇಲೆ ನಾಲ್ಕು ಅಧ್ಯಾಯ ಬರೆದವನಿಗೆ ಕಾಲನ್ನು ಎಲ್ಲಿ ಊರಬೇಕೆಂದೂ ಗೊತ್ತಿರಲಿಲ್ಲ. ಹೊಡೆ ಬಂದ ಭತ್ತದೊಳಗೆ ಉಪ್ಪುನೀರು ನುಗ್ಗುತ್ತಿತ್ತು. ನಾಚಿಕೆ ಬಿಟ್ಟು ಅತ್ತೆಯನ್ನು ಕೂಗಿದೆ.

ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ ಹಲಗೆ ಕೂರಿಸಿದಳು. ಪುಸ್ತಕದಲ್ಲಿ ಮುಂದೇನಾಯಿತೆಂದು ಅವಳು ಎಂದೂ ಕೇಳಲಿಲ್ಲ.