ಜೂನ್ ತಿಂಗಳ ಒಂದು ಕ್ಲಾಸು

ಡಾರ್ಲಾ ವೊಜ್ನಿಯಾಕ್ ಹತ್ತೊಂಬತ್ತು ವರ್ಷದಿಂದ ನಮ್ಮ ಶಾಲೆಯ ಹದಿನಾಲ್ಕನೇ ನಂಬರ್ ಬಸ್ಸು ಓಡಿಸುತ್ತಿದ್ದಾಳೆ. ಒಂಬತ್ತನೇ ನಂಬರಿನದನ್ನು ಓಡಿಸುವವಳು ನಾನು. ಇಲಿನಾಯ್‌ನ ಈ ಸಣ್ಣ ಊರಿನಲ್ಲಿ ಕಾಲೇಜುಗಳ ಒಳಗುಟ್ಟು ಅವಳಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಕಾಲೇಜು ಮೆಟ್ಟಿಲು ಹತ್ತದವಳು ಇಷ್ಟು ತಿಳಿದುಕೊಂಡಿದ್ದಾಳಲ್ಲ ಎಂದು ಜನ ಹೊಗಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಬಸ್ಸು ಓಡಿಸುವವಳು ಇದನ್ನೆಲ್ಲ ಯಾಕೆ ಕಲಿಯಬೇಕಾಯಿತು ಎಂದು ಒಬ್ಬರೂ ಕೇಳುವುದಿಲ್ಲ.

ಅವಳ ಮಗಳು ಕೆಲ್ಸಿಗೋಸ್ಕರ ಕಲಿತಳು. ಡಾರ್ಲಾಳ ಬಸ್ಸಿಗೆ ಕಿವಿ ಕೇಳದ ಪುಟ್ಟ ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳ ಪಕ್ಕ ಕೂತು ಕೂತು ಕೆಲ್ಸಿ ಕೈಸನ್ನೆಯ ಮಾತು ಕಲಿತಳು, ಅಂಥ ಮಕ್ಕಳಿಗೇ ಟೀಚರ್ ಆಗುತ್ತೇನೆಂದು ಹಟ ಹಿಡಿದಳು. ನಮ್ಮದೇ ರಾಜ್ಯದ ವಿಶ್ವವಿದ್ಯಾಲಯ ಊಟ, ಹಾಸ್ಟೆಲ್ ಸೇರಿ ವರ್ಷಕ್ಕೆ ಮೂವತ್ತನಾಲ್ಕು ಸಾವಿರ ಡಾಲರ್ ಎಂದಿತು. ನಾವು ತೆರಿಗೆ ಕಟ್ಟುವುದು ಈ ರಾಜ್ಯಕ್ಕೆ. ಹೆಸರಿಗೆ ಸರ್ಕಾರಿ, ಫೀಸು ಮಾತ್ರ ಸಾಹುಕಾರರದ್ದು.

ಬೆಳಗಿನ ಟ್ರಿಪ್ಪು ಮುಗಿದು ಮಧ್ಯಾಹ್ನದ ಟ್ರಿಪ್ಪಿನವರೆಗೆ ನಾವು ಡ್ರೈವರುಗಳು ಶೆಡ್ಡಿನಲ್ಲಿ ಕಾಫಿ ಕುಡಿಯುತ್ತ ಇಸ್ಪೀಟು ಆಡುತ್ತೇವೆ. ಕೆಲ್ಸಿಯ ಶಾಲೆಯ ಕೊನೆಯ ವರ್ಷ ಶುರುವಾದಾಗಿನಿಂದ ಡಾರ್ಲಾ ಎಲೆ ಮುಟ್ಟಲಿಲ್ಲ. ಲೈಬ್ರರಿಯಲ್ಲಿ ಪ್ರಿಂಟ್ ತೆಗೆಸಿದ ಹಾಳೆಗಳನ್ನು ಹರಡಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಬೇರೆ ರಾಜ್ಯಗಳ ಕಾಲೇಜುಗಳಿಗೆ ಒಂದಾದ ಮೇಲೊಂದು ಫೋನ್ ಮಾಡುತ್ತಿದ್ದಳು.

"ಕೇಳಿಲ್ಲಿ ಗ್ವೆನ್," ಎಂದಳು ಒಂದು ದಿನ. "ಬೇರೆ ರಾಜ್ಯದೋರಿಗೆ ನಲವತ್ತಾರು ಸಾವಿರ ಅಂತ ದಪ್ಪಕ್ಷರದಲ್ಲಿ ಹಾಕವ್ರೆ. ಅದನ್ನ ನೋಡಿದ ತಕ್ಷಣ ನಮ್ಮಂಥೋರು ಮುಚ್ಚಿಟ್ಟು ಎದ್ದು ಹೋಗ್ತೀವಿ. ಮೂರು ಪುಟ ಕೆಳಗೆ ಹೋದ್ರೆ ಸಣ್ಣಕ್ಷರದಲ್ಲಿ ಏನೈತೆ ಗೊತ್ತಾ? ಒಳ್ಳೆ ಮಾರ್ಕ್ಸ್ ಇದ್ರೆ ಹೊರಗಿನೋರಿಗೆ ಹಾಕೋ ಹೆಚ್ಚುವರಿ ಫೀಸು ಮಾಫಿ! ಇಪ್ಪತ್ತೊಂದಕ್ಕೆ ಇಳಿಯತ್ತೆ ಕಣೇ. ಯಾರಿಗೂ ಸಿಗಬಾರ್ದು ಅಂತಾನೇ ಬಚ್ಚಿಟ್ಟವ್ರೆ, ಹಾಳಾದೋರು."

"ಸ್ವಂತ ರಾಜ್ಯಕ್ಕಿಂತ ಪರರಾಜ್ಯ ಅಗ್ಗಾನಾ? ಯಾವನೋ ನಿನಗೆ ಟೋಪಿ ಹಾಕ್ತಾವ್ನೆ," ಎಂದು ನಾನು ನಕ್ಕೆ.

"ನಗು ನಗು. ಮುಂದಿನ ವರ್ಷ ನಿನ್ನ ಮಗ ಟ್ರೆಂಟ್‌ನ ಕರ್ಕೊಂಡು ನೀನೇ ನನ್ನ ಹತ್ರ ಬರ್ತೀಯ."

ಟೋಪಿಯಲ್ಲ, ನಿಜವಾಗಿತ್ತು. ದಕ್ಷಿಣದ ರಾಜ್ಯವೊಂದರ ಸರ್ಕಾರಿ ವಿಶ್ವವಿದ್ಯಾಲಯ. ಪ್ರವೇಶ ಪರೀಕ್ಷೆಯಲ್ಲಿ ಮೂವತ್ತಾರಕ್ಕೆ ಇಪ್ಪತ್ತೆಂಟು ಬೇಕು, ಡಿಸೆಂಬರ್ ಒಂದರೊಳಗೆ ಅರ್ಜಿ ಹಾಕಬೇಕು. ಕೆಲ್ಸಿಗೆ ಮೊದಲ ಸಲ ಇಪ್ಪತ್ತಾರು, ಆಮೇಲೆ ಇಪ್ಪತ್ತೇಳು, ಮೂರನೇ ಸಲ ಇಪ್ಪತ್ತೊಂಬತ್ತು ಬಂತು. ನಾಲ್ಕು ವರ್ಷ ಫೀಸು ಮಾಫಿ ಎಂಬ ಪತ್ರ ಬಂದ ದಿನ ಡಾರ್ಲಾ ಬಸ್ಸಿನ ಹಾರನ್ನು ಒತ್ತಿಕೊಂಡೇ ಯಾರ್ಡಿನೊಳಗೆ ಬಂದಳು. ಮೇಲಧಿಕಾರಿ ಬೈದ. ಅವಳಿಗೆ ಕೇಳಿಸಿದ್ದರೆ ತಾನೆ!

ಮೇ ತಿಂಗಳಲ್ಲಿ ಶಾಲೆ ಮುಗಿಯಿತು. ಮಕ್ಕಳಿಗೆ ಮುಂದಿನ ಓದಿನ ದಾರಿ ತೋರಿಸಲೆಂದೇ ಸಂಬಳ ಎಣಿಸುವ ಪ್ರಿಚೆಟ್ ಎಂಬ ಮಹಾಶಯ ನಮ್ಮ ಶಾಲೆಯಲ್ಲಿದ್ದಾನೆ. "ಜೂನ್‌ನಲ್ಲಿ ಇಲ್ಲೇ ಊರಿನ ಕಾಲೇಜಲ್ಲಿ ಇಂಗ್ಲಿಷ್ ಕ್ಲಾಸೊಂದು ಮುಗಿಸ್ಕೊಂಡ್ಬಿಡಮ್ಮ. ಅಲ್ಲಿ ಒಂದು ಪೇಪರ್ ಕಮ್ಮಿ ಆಗತ್ತೆ, ದುಡ್ಡೂ ಉಳಿಯತ್ತೆ," ಎಂದ. ಡಾರ್ಲಾಗೂ ಸರಿ ಎನಿಸಿತು. ಕೆಲ್ಸಿ ಆರು ವಾರ ಸೈಕಲ್ ತುಳಿದು ಹೋಗಿ, ಎಲ್ಲರಿಗಿಂತ ಹೆಚ್ಚು ಮಾರ್ಕ್ಸ್ ತೆಗೆದು, ಆ ಪಟ್ಟಿಯನ್ನು ಜಂಬದಿಂದ ವಿಶ್ವವಿದ್ಯಾಲಯಕ್ಕೆ ತಾನೇ ಕಳಿಸಿದಳು.

ಜುಲೈನಲ್ಲಿ ಇನ್ನೊಂದು ಪತ್ರ ಬಂತು. ಶಾಲೆ ಮುಗಿದ ಮೇಲೆ ಬೇರೆ ಕಾಲೇಜಿನಲ್ಲಿ ಓದಿದವರು ಹೊಸ ವಿದ್ಯಾರ್ಥಿಗಳಲ್ಲವಂತೆ, ವರ್ಗವಾಗಿ ಬಂದವರಂತೆ. ಫೀಸು ಮಾಫಿ ಹೊಸಬರಿಗೆ ಮಾತ್ರ. ನಿಮ್ಮ ಓದಿನ ಉತ್ಸಾಹಕ್ಕೆ ಅಭಿನಂದನೆಗಳು ಎಂದು ಕೊನೆಯಲ್ಲಿ ಬೇರೆ ಬರೆದಿದ್ದರು.

ರಜೆಯಲ್ಲಿ ಬಸ್ಸು ತೊಳೆಯಲು ಹೋಗಿದ್ದ ದಿನ ಶೆಡ್ಡಿನಿಂದ ಡಾರ್ಲಾ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಸ್ಪೀಕರಿನಲ್ಲಿ ಕೇಳಿದ ವಿಶ್ವವಿದ್ಯಾಲಯದ ಹೆಂಗಸಿನ ದನಿ ಬೆಲ್ಲದ ಪಾಕ. "ಅಯ್ಯೋ ಚಿನ್ನಾ, ನನಗೂ ಬೇಜಾರೇ. ಎಷ್ಟೋ ಕಡೆ ಬೇಸಿಗೆ ಕ್ಲಾಸನ್ನ ಲೆಕ್ಕಕ್ಕೆ ತಗೊಳಲ್ಲ. ನಮ್ಮಲ್ಲಿ ಮಾತ್ರ ರೂಲ್ಸು ಹಂಗಿದೆ. ಪತ್ರದ ಹಿಂಭಾಗದಲ್ಲಿ ಹಾಕಿದ್ವಲ್ಲ?"

"ನನ್ನ ಮಗಳು ಕುಡಿದು ಗಾಡಿ ಓಡಿಸಿದ್ರೆ ಏನ್ಮಾಡ್ತಿದ್ರಿ?" ಎಂದು ಡಾರ್ಲಾ ಕೇಳಿದಳು.

ಆ ಹೆಂಗಸು ತಡವರಿಸಿದಳು. "ಅದು... ಅದಕ್ಕೆ ಸ್ಕಾಲರ್‌ಶಿಪ್ ತೆಗಿಯೋ ರೂಲ್ಸು ಇಲ್ಲ."

"ಕೆಲಸ ಇಲ್ದೆ ಮನೇಲಿ ಬಿದ್ಕೊಂಡು ಟಿವಿ ನೋಡಿದ್ರೆ?"

"ಅದಕ್ಕೂ ಇಲ್ಲ, ಚಿನ್ನಾ."

"ಓದಿದ್ರೆ ಮಾತ್ರ ಐತೆ." ಡಾರ್ಲಾ ಫೋನ್ ಇಟ್ಟಳು. ನಾನು ಸಿಟ್ಟಿಗೆ ಕಾಫಿ ಲೋಟವನ್ನು ಗೋಡೆಗೆ ಎಸೆದೆ. ಅವಳು ಚೂರುಗಳನ್ನು ಗುಡಿಸಿ ತೆಗೆದಳು.

ಪ್ರಿಚೆಟ್ ಏನೆಂದ ಗೊತ್ತೇ? "ಇಂಥ ಸಣ್ಣಪುಟ್ಟದ್ದು ಮನೆಯವರೇ ನೋಡ್ಕೋಬೇಕು." ಅವನು ಇವತ್ತಿಗೂ ಅದೇ ಕುರ್ಚಿಯಲ್ಲಿದ್ದಾನೆ. ಕೆಲ್ಸಿ ಊರಿನ ಎರಡು ವರ್ಷದ ಕಾಲೇಜಿಗೆ ಸೇರಿದಳು. ಅಲ್ಲಿ ಕೈಸನ್ನೆಯ ಒಂದು ಕ್ಲಾಸೂ ಇಲ್ಲ. ಬೆಳಗ್ಗೆ ಅಮ್ಮನ ಬಸ್ಸಿನಲ್ಲೇ ಆಯಾ ಕೆಲಸ ಮಾಡುತ್ತಾಳೆ, ಚಿಕ್ಕ ಮಕ್ಕಳಿಗೆ ಸೀಟ್‌ಬೆಲ್ಟ್ ಹಾಕುತ್ತಾಳೆ.

ಮರುವರ್ಷ ನಾನು ಟ್ರೆಂಟ್‌ನನ್ನು ಕರೆದುಕೊಂಡು ಹೋದೆ. ಡಾರ್ಲಾ ಒಂದು ಕುಹಕ ಮಾತೂ ಆಡಲಿಲ್ಲ. ಅದೇ ವಿಶ್ವವಿದ್ಯಾಲಯಕ್ಕೆ, ಅದೇ ಫೀಸು ಮಾಫಿಗೆ, ಅರ್ಜಿಯ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ ತುಂಬಿಸಿದಳು. ಸಿಕ್ಕಿತು. ಆ ಬೇಸಿಗೆ ನನ್ನ ಮಗ ಮೂರು ತಿಂಗಳು ಸೋಫಾದ ಮೇಲೆ ಬಿದ್ದುಕೊಂಡು ವಿಡಿಯೋ ಗೇಮಿನ ಗುಂಡಿ ಒತ್ತಿದ. ನನಗೆ ನಾಲಿಗೆ ತುದಿಗೆ ಬೈಗುಳ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.

ಆಗಸ್ಟಿನಲ್ಲಿ ನಾವು ಹೊರಟ ಬೆಳಿಗ್ಗೆ ಡಾರ್ಲಾ, ಕೆಲ್ಸಿ ಇಬ್ಬರೂ ಬಂದರು. ಕೆಲ್ಸಿ ತನಗೆಂದು ಕೊಂಡು ತೆರೆಯದೆ ಇಟ್ಟಿದ್ದ ಹಾಸ್ಟೆಲ್ ಹಾಸಿಗೆಯ ಹೊದಿಕೆಯನ್ನು ಟ್ರೆಂಟ್‌ಗೆ ಕೊಟ್ಟಳು. ಡಾರ್ಲಾ ಕಾರಿನ ಕಿಟಕಿಗೆ ಬಗ್ಗಿದಳು.

"ಏನಪ್ಪಾ, ಬೇಸಿಗೇಲಿ ಏನಾದ್ರೂ ಓದಿದ್ಯಾ?"

"ಇಲ್ಲ ಮಿಸ್ ಡಾರ್ಲಾ. ಒಂದಕ್ಷರ ಓದಿಲ್ಲ."

"ಜಾಣ," ಎಂದು ಅವನ ತಲೆ ಸವರಿದಳು.

ಕೆಲ್ಸಿ ಅಲ್ಲೇ ನಿಂತಿದ್ದಳು. ನಾನು ಅವಳ ಮುಖ ನೋಡಲಾರದೆ ಗಾಡಿ ಸ್ಟಾರ್ಟ್ ಮಾಡಿದೆ.