ಗೇರ್ ಬಾಕ್ಸಿಗೆ ಬೇಡಿದ ಕೋರಣ್ಯ

ಮಾದಪ್ಪನ ಒಕ್ಕಲಾದ ಅಣ್ಣಂದಿರೇ, ಅಕ್ಕಂದಿರೇ, ಕಳೆದ ಶ್ರಾವಣದಲ್ಲಿ ಬಂಡಳ್ಳಿಯಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ, ಬೆಳಗಿನ ಹಾಲಿನ ಕ್ಯಾನುಗಳನ್ನು ತುಂಬಿಕೊಂಡಿದ್ದಾಗಲೇ ನಮ್ಮ ಪಿಕಪ್ ಗಾಡಿಯ ಗೇರ್ ಬಾಕ್ಸ್ ಒಡೆದುಹೋಯಿತು. ಅಲ್ಲಿಂದ ಮುಂದಕ್ಕೆ ನಡೆದದ್ದನ್ನು ನಿಮಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ದೇವರ ವಿಷಯ ಬರೆಯುವಾಗ ಸಿಟ್ಟು ಇರಬಾರದು ಎನ್ನುತ್ತಾರೆ ನಮ್ಮ ಯಜಮಾನರು. ನನಗೆ ಇನ್ನೂ ಸಿಟ್ಟಿದೆ. ಅದನ್ನು ಮುಚ್ಚಿಟ್ಟು ನಯವಾಗಿ ಬರೆದರೆ ಆ ಏಳುಮಲೆಯವನಿಗೆ ಗೊತ್ತಾಗದೆ ಇರುತ್ತದೆಯೇ? ಆದ್ದರಿಂದ ಇದ್ದದ್ದನ್ನು ಇದ್ದಹಾಗೇ ಬರೆಯುತ್ತೇನೆ.

ನಮ್ಮದು ಹಾಲಿನ ರೂಟು. ಬಂಡಳ್ಳಿ ಸುತ್ತಿನ ಊರುಗಳ ಡೇರಿಗಳಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ತುಂಬಿ ಚಿಲ್ಲಿಂಗ್ ಸೆಂಟರಿಗೆ ಮುಟ್ಟಿಸಬೇಕು. ನಮ್ಮ ಯಜಮಾನರು ಮಾದೇಶ ಗಾಡಿ ಓಡಿಸುತ್ತಾರೆ. ಕ್ಯಾನ್ ಎತ್ತಲು ಆಳು ಇಟ್ಟುಕೊಳ್ಳುವ ತಾಕತ್ತು ನಮಗಿಲ್ಲ, ಹಾಗಾಗಿ ಪಕ್ಕದ ಸೀಟಿನಲ್ಲಿ ನಾನು. ಹಾಲು ಯಾರಿಗೂ ಕಾಯುವುದಿಲ್ಲ. ನಾವು ತಡವಾದರೆ ಇಡೀ ಊರಿನ ಹಾಲು ಒಡೆಯುತ್ತದೆ, ನಮ್ಮ ಅನ್ನಕ್ಕೂ ಕಲ್ಲು ಬೀಳುತ್ತದೆ.

ಗಾಡಿಯನ್ನು ಯಳಂದೂರಿನ ಒಬ್ಬ ಇಟ್ಟಿಗೆ ಗೂಡಿನವನ ಹತ್ತಿರ ತೆಗೆದುಕೊಂಡೆವು. ಅವನು ಅದನ್ನು ಹಿಂಡಿ ಹಿಪ್ಪೆ ಮಾಡಿ ನಮ್ಮ ತಲೆಗೆ ಕಟ್ಟಿದ. ನನ್ನ ಕಡೆಯ ಬಾಗಿಲು ಹಗ್ಗದಲ್ಲಿ ನಿಂತಿದೆ. ಮೊದಲನೇ ಗೇರು ಬೀಳಬೇಕಾದರೆ ಎರಡು ಕೈ ಬೇಕು. ರಿಪೇರಿ ಎಂದರೆ ಬೆಳಗಿನ ಹಾಲು ಇಳಿಸಿ ಕೊಳ್ಳೇಗಾಲದ ಗ್ಯಾರೇಜಿಗೆ ಓಡುವುದು, ಸಂಜೆಯ ಹಾಲಿಗೆ ಮುಂಚೆ ಅರೆಬರೆ ಬಿಗಿಸಿಕೊಂಡು ವಾಪಸು ಓಡುವುದು. ಟೈರು ಹಾಕಿಸಿದ ತಿಂಗಳು ಬ್ರೇಕು ಮುಂದಕ್ಕೆ ಹೋಗುತ್ತದೆ, ಬ್ರೇಕು ಮಾಡಿಸಿದ ತಿಂಗಳು ಮಗಳ ಫೀಸು ಮುಂದಕ್ಕೆ ಹೋಗುತ್ತದೆ. ಗೇರ್ ಬಾಕ್ಸ್ ಗೊರಗೊರ ಎನ್ನಲು ಶುರುಮಾಡಿ ಆಗಲೇ ವರ್ಷವಾಗಿತ್ತು. ಕೇಳಿಸಿಕೊಂಡೂ ಕೇಳಿಸದ ಹಾಗೆ ಓಡಿಸುತ್ತಿದ್ದೆವು. ಹಳೇ ಗಾಡಿ ಇಟ್ಟುಕೊಂಡವರಿಗೆಲ್ಲ ಈ ಕಿವುಡು ಗೊತ್ತಿರುತ್ತದೆ.

ಇನ್ನು ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಗಾಡಿ ತಂದ ದಿನ ನಮ್ಮ ಯಜಮಾನರು ಅದರ ಹಣೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಮಾದಪ್ಪನ ಗಾಡಿ’ ಎಂದು ಬರೆಸಿದರು. ಅಂದಿನಿಂದ ಅದು ನಮ್ಮದಾಗಿ ಉಳಿಯಲಿಲ್ಲ. ವರ್ಷವರ್ಷವೂ ಶ್ರಾವಣದ ಕೊನೆಯ ಸೋಮವಾರ ನಮ್ಮೂರಿನವರು ಬೆಟ್ಟಕ್ಕೆ ಹೋಗಿ, ಅಲ್ಲೇ ಒಲೆ ಹೂಡಿ, ಬಂದ ಭಕ್ತರಿಗೆಲ್ಲ ಅನ್ನ ಹಾಕುತ್ತಾರೆ. ಅದನ್ನು ಮಾದಪ್ಪನ ಪರ ಎನ್ನುತ್ತೇವೆ. ಆ ಪರದ ಅಕ್ಕಿ, ಸೌದೆ, ಕೊಪ್ಪರಿಗೆ ಎಲ್ಲವೂ ನಮ್ಮ ಗಾಡಿಯಲ್ಲೇ, ಬಿಟ್ಟಿ. ಅಷ್ಟಕ್ಕೇ ಬಿಟ್ಟರೆ? ಮಧುವನಹಳ್ಳಿಯ ನೆಂಟರ ಮನೆಗೆ ಒಂದು ಮಂಚ ಸಾಗಿಸುವವರೂ ನಡುವೆ ಒಂದು ಗುಡಿ ಹುಡುಕಿ, ಕೈಮುಗಿದು, ದೇವರ ಕೆಲಸ ಎನ್ನುತ್ತಿದ್ದರು. ಡೀಸೆಲ್ ಬಗ್ಗೆ ನಾನು ಬಾಯಿ ಬಿಟ್ಟರೆ, ಮಾದಪ್ಪನ ಹೆಸರು ಬರೆಸಿಕೊಂಡು ಕಾಸು ಕೇಳುತ್ತಾಳಲ್ಲ ಎಂದು ನನ್ನ ಮುಖ ನೋಡುತ್ತಿದ್ದರು. ನಮ್ಮ ಯಜಮಾನರು ನಗುನಗುತ್ತಾ ಸ್ಟಾರ್ಟ್ ಮಾಡುತ್ತಿದ್ದರು.

ಗೇರ್ ಬಾಕ್ಸ್ ಒಡೆದ ದಿನ ಹಿಂದಿನಿಂದ ನಮ್ಮೂರಿನ ನಂಜುಂಡ ತನ್ನ ಹೊಸ ಗಾಡಿಯಲ್ಲಿ ಬಂದ. ಕ್ಯಾನುಗಳನ್ನು ತುಂಬಿಕೊಂಡು ಮುಟ್ಟಿಸಿದ, ಒಪ್ಪುತ್ತೇನೆ. ಪೂರ್ತಿ ಬಾಡಿಗೆ ತೆಗೆದುಕೊಂಡ, ಅದನ್ನೂ ಬರೆಯುತ್ತೇನೆ. ಮಾರನೆಯ ದಿನದಿಂದ ಎರಡು ಹೊತ್ತೂ ಅವನ ಗಾಡಿಯೇ. ರೂಟಿನಿಂದ ನಮಗೆ ಬರುತ್ತಿದ್ದುದಕ್ಕಿಂತ ಅವನ ಬಾಡಿಗೆಯೇ ಹೆಚ್ಚು. ಇಷ್ಟಾಗಿ ಅವನು ಚಿಲ್ಲಿಂಗ್ ಸೆಂಟರಿನ ಸೂಪರ್‌ವೈಸರ್ ಹತ್ತಿರ ಹೋಗಿ, ಹೇಗಿದ್ದರೂ ನಾನೇ ಓಡಿಸುತ್ತಿದ್ದೇನಲ್ಲ, ರೂಟು ನನಗೇ ಕೊಡಿ ಎಂದು ಕೇಳಿದನಂತೆ. ಸೂಪರ್‌ವೈಸರ್ ನಮ್ಮನ್ನು ಕರೆದು, ಬರುವ ಶುಕ್ರವಾರದ ಬೆಳಗಿನ ಹಾಲಿಗೆ ನಿಮ್ಮ ಸ್ವಂತ ಗಾಡಿ ನಿಲ್ಲದಿದ್ದರೆ ರೂಟು ನಂಜುಂಡನಿಗೆ ಎಂದುಬಿಟ್ಟರು. ಅವರ ಮೇಲೂ ನನಗೆ ಸಿಟ್ಟು ಬಂತು, ಆದರೆ ಅವರು ಹೇಳಿದ್ದು ನ್ಯಾಯವಾಗಿತ್ತು, ಅದಕ್ಕೆ ಇನ್ನೂ ಹೆಚ್ಚು ಸಿಟ್ಟು ಬಂತು.

ಟ್ರ್ಯಾಕ್ಟರಿಗೆ ಕಟ್ಟಿಸಿ ಕೊಳ್ಳೇಗಾಲಕ್ಕೆ ಎಳೆಸಿದ ಗಾಡಿಯ ಹೊಟ್ಟೆ ಬಿಚ್ಚಿ ನೋಡಿದ ಮೇಸ್ತ್ರಿ, ಇದರ ಒಳಗಿನದು ಯಾವುದೂ ಉಳಿದಿಲ್ಲ, ಹೊಸದು ನಿಮ್ಮ ಕೈಗೆ ಎಟುಕುವುದಿಲ್ಲ, ಯಳಂದೂರಿನ ಗುಜರಿ ಅಂಗಡಿಯಲ್ಲಿ ಇದೇ ಗಾಡಿಯದೊಂದು ಗೇರ್ ಬಾಕ್ಸ್ ಇದೆ ಎಂದ. ಬಸ್ಸು ಹತ್ತಿ ಯಳಂದೂರಿಗೆ ಹೋದೆ. ಗುಜರಿಯವನು ಅದನ್ನು ಮಗುವಿನ ಹಾಗೆ ಗೋಣಿ ಹೊದಿಸಿ ಇಟ್ಟಿದ್ದ. ನನ್ನ ಓಲೆ ಅಡವಿಟ್ಟು ಮುಂಗಡ ಕೊಟ್ಟೆ. ಮಿಕ್ಕದ್ದನ್ನು ಮಂಗಳವಾರದೊಳಗೆ ತಾರದಿದ್ದರೆ ಬೇರೆಯವರಿಗೆ ಕೊಡುತ್ತೇನೆ, ಮುಂಗಡ ವಾಪಸ್ಸಿಲ್ಲ ಎಂದ. ಬೋಳು ಕಿವಿಯಲ್ಲಿ ಬಸ್ಸಿನಲ್ಲಿ ನಿಂತುಕೊಂಡು ವಾಪಸು ಬರುವಾಗ, ಪುಣ್ಯದ ಹೆಸರಿನಲ್ಲಿ ನಮ್ಮ ಗಾಡಿ ಹತ್ತಿದ ಒಬ್ಬೊಬ್ಬರ ಮುಖವೂ ಕಣ್ಣಿಗೆ ಬಂತು. ಅವರಲ್ಲಿ ಎಷ್ಟೋ ಜನರ ಹತ್ತಿರ ಆಗಲೇ ಸಾಲ ಕೇಳಿಯಾಗಿತ್ತು. ಒಬ್ಬೊಬ್ಬರದೂ ಒಂದೊಂದು ನೆವ. ಒಬ್ಬಾಕೆಯಂತೂ, ಮಾದಪ್ಪನ ಗಾಡಿ ಅಲ್ಲವೇ, ಅವನೇ ದಾರಿ ತೋರಿಸುತ್ತಾನೆ ಬಿಡು ಎಂದು ಮಜ್ಜಿಗೆ ಕೊಟ್ಟು ಕಳಿಸಿದಳು.

ಭಾನುವಾರ ಸಂಜೆ ಪರದ ಯಜಮಾನಿಕೆ ನೋಡುವ ಸಿದ್ದಪ್ಪನವರು ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಜಗುಲಿಗೆ ಬಂದರು. ಗಾಡಿ ರಿಪೇರಿಗೆ ಏನಾದರೂ ತಂದರೇನೋ ಎಂದು ಒಂದು ಗಳಿಗೆ ಆಸೆಯಾಯಿತು. ಅವರು ಕೇಳಿದ್ದು, ನಾಳೆ ಬಿಟ್ಟು ಮುಂದಿನ ಸೋಮವಾರ ಪರ ಇದೆ, ಅಷ್ಟರೊಳಗೆ ಗಾಡಿ ಸರಿಹೋಗುತ್ತದೋ, ಇಲ್ಲ ನಾವು ಬೇರೆ ಲಾರಿ ನೋಡಬೇಕೋ ಎಂದು. ಬೇರೆ ಲಾರಿಗೆ ಬಾಡಿಗೆ ಕೊಡುತ್ತೀರಾ ಎಂದು ಕೇಳಿದೆ. ಕೊಡಲೇಬೇಕಲ್ಲವ್ವ ಎಂದರು.

ಆಮೇಲೆ ನಾನು ಆಡಿದ್ದನ್ನು ಪೂರ್ತಿ ಬರೆಯಲಾರೆ. ಬೇರೆ ಲಾರಿಯವನಿಗೆ ಕೊಡುವುದಕ್ಕೆ ಕಾಸಿದೆ, ಇಷ್ಟು ವರ್ಷ ನಿಮ್ಮ ಸೌದೆ ಹೊತ್ತ ಗಾಡಿಗೆ ಬರೀ ಕೈಮುಗಿಯುವುದೋ ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ಕೇಳಿದೆ. ನಮ್ಮ ಯಜಮಾನರು ಎದ್ದು ಒಳಗೆ ಹೋದರು. ಸಿದ್ದಪ್ಪನವರು ಮೆಟ್ಟಿಲಿಳಿದರು. ನಾನು ಅಲ್ಲಿಗೂ ನಿಲ್ಲಿಸದೆ ಊರ ಮುಂದಿನ ಮಾದಪ್ಪನ ಗುಡಿಗೆ ಹೋಗಿ, ಅವನ ಎದುರಿಗೇ ನಿಂತು ಬೈದೆ. “ಎಲ್ರೂ ನಿನ್ ಗಾಡಿ ನಿನ್ ಗಾಡಿ ಅಂತಾರೆ. ನಿಂದೇ ಆದ್ರೆ ನೀನೇ ರಿಪೇರಿ ಮಾಡ್ಸು ಮಾದಪ್ಪ. ನನ್ ಕೈಲಿ ಆಗಾಕಿಲ್ಲ.” ಅದೇ ನಾನು ಮಾಡಿದ ಪ್ರಾರ್ಥನೆ. ದೀಪ ಹಚ್ಚಲಿಲ್ಲ, ಕಾಯಿ ಒಡೆಯಲಿಲ್ಲ.

ಸೋಮವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳುವಾಗ ಒಂದು ಯೋಚನೆ ಬಂತು. ಯಾರು ಕೊಟ್ಟರು ಆ ಯೋಚನೆಯನ್ನು ಎಂದು ಈಗ ನನಗೆ ಗೊತ್ತು, ಆಗ ನನ್ನದೇ ಎಂದುಕೊಂಡಿದ್ದೆ. ನಿಮಗೆಲ್ಲ ತಿಳಿದಿರುವಂತೆ, ಮಾದಪ್ಪನಿಗೆ ಹರಕೆ ಹೊತ್ತವರು ವಿಭೂತಿ ಬಳಿದುಕೊಂಡು, ಹೆಗಲಿಗೆ ಜೋಳಿಗೆ ಹಾಕಿ, ಬರಿಗಾಲಲ್ಲಿ ಮನೆಮನೆಗೆ ಹೋಗಿ ಕೋರಣ್ಯ ಬೇಡುತ್ತಾರೆ. ಬೇಡುವವರು ಯಾವ ಮನೆಯನ್ನೂ ಬಿಡುವ ಹಾಗಿಲ್ಲ. ಕೋರಣ್ಯ ಎಂದು ಬಂದವರನ್ನು ಯಾವ ಮನೆಯೂ ಬರಿಗೈಲಿ ಕಳಿಸುವ ಹಾಗಿಲ್ಲ. ಸಾಲ ಎಂದರೆ ನೆವ ಹೇಳುತ್ತೀರಲ್ಲ, ಇದಕ್ಕೆ ಏನು ಹೇಳುತ್ತೀರೋ ನೋಡುತ್ತೇನೆ ಎಂದುಕೊಂಡೆ. ಭಕ್ತಿ ಒಂದು ಸಾಸಿವೆಯಷ್ಟೂ ಇರಲಿಲ್ಲ, ಊರಿಗೆ ನಾಚಿಕೆಯಾಗಬೇಕು ಎಂಬುದಷ್ಟೇ ಇತ್ತು. ನಮ್ಮ ಯಜಮಾನರ ಕೈಗೆ ಗೋಣಿಚೀಲ ಕೊಟ್ಟು ಹಿಂದೆ ಬನ್ನಿ ಎಂದೆ. ಅವರು ತಲೆ ತಗ್ಗಿಸಿಕೊಂಡು ಬಂದರು.

ಮೊದಲನೇ ಮನೆ ಮಜ್ಜಿಗೆ ಕೊಟ್ಟವಳದು. “ಮಾದಪ್ಪನ ಗಾಡಿ ಕೆಟ್ಟೋಗದೆ. ಗಾಡಿಗೆ ಕ್ವಾರಣ್ಯ ನೀಡ್ರವ್ವಾ” ಎಂದು ಕೂಗಿದೆ. ಅವಳು ನನ್ನ ಮುಖ ನೋಡಿದಳು, ಜೋಳಿಗೆ ನೋಡಿದಳು, ಒಳಗೆ ಹೋಗಿ ಮೊರದ ತುಂಬ ಅಕ್ಕಿ ತಂದು ಸುರಿದು, ಬಗ್ಗಿ ನನ್ನ ಕಾಲು ಮುಟ್ಟಿದಳು. ನನಗಿಂತ ದೊಡ್ಡವಳು. ಕೋರಣ್ಯ ಬೇಡುವವರ ಕಾಲು ಮುಟ್ಟುವುದು ನಮ್ಮಲ್ಲಿ ಇದ್ದದ್ದೇ, ಆದರೂ ನನಗೆ ಕಾಲು ಹಿಂದಕ್ಕೆ ಎಳೆದುಕೊಳ್ಳುವ ಹಾಗಾಯಿತು. ಮುಂದಿನ ಮನೆಯಲ್ಲಿ ರಾಗಿ, ಅದರಾಚೆ ತೊಗರಿಬೇಳೆ, ಅದರಾಚೆ ಬೆಲ್ಲದ ಅಚ್ಚು. ಬೀದಿ ಮುಗಿಯುವಷ್ಟರಲ್ಲಿ ಗೋಣಿಚೀಲ ತುಂಬಿ ಇನ್ನೊಂದು ತರಬೇಕಾಯಿತು.

ಎರಡನೇ ಬೀದಿಯ ಕೊನೆಗೆ ನಂಜುಂಡನ ಮನೆ. ಅದನ್ನು ದಾಟಿಕೊಂಡು ಹೋಗಿಬಿಡೋಣ ಎಂದು ನನಗೆ ಬಹಳ ಅನ್ನಿಸಿತು. ಮನೆ ಬಿಡುವ ಹಾಗಿಲ್ಲವಲ್ಲ, ನಿಂತೆ. ಅವನು ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದ, ನನ್ನನ್ನು ಕಂಡು ಗಾಡಿಯ ಆಚೆ ಬದಿಗೆ ಹೋದ. ಅವನ ತಾಯಿ ಕೆಂಪಮ್ಮ ಹೊರಗೆ ಬಂದು, ಯಾವ ಗಾಡಿ, ಯಾಕೆ ಕೆಟ್ಟಿತು, ಈಗ ಹಾಲು ಯಾರು ಸಾಗಿಸುತ್ತಾರೆ ಎಂದು ಎಲ್ಲವನ್ನೂ ಕೇಳಿದಳು. ಆ ಮುದುಕಿಗೆ ಮಗ ಏನೂ ಹೇಳಿರಲಿಲ್ಲ. ನಾನು ಒಂದನ್ನೂ ಬಿಡದೆ ಹೇಳಿದೆ. ಅವಳು ಎರಡು ಮೊರ ಅಕ್ಕಿ ಹಾಕಿದಳು.

ಮಧ್ಯಾಹ್ನ ಮನೆಗೆ ಬಂದು ಚೀಲಗಳನ್ನು ಇಳಿಸಿದಾಗ ನನ್ನ ತಪ್ಪು ನನಗೆ ಹೊಳೆಯಿತು. ಕೋರಣ್ಯದ ಕಾಳು ಮಾದಪ್ಪನ ಪರಕ್ಕೇ ಸೇರಬೇಕು. ಅದನ್ನು ಮಾರುವ ಹಾಗಿಲ್ಲ, ಮನೆಯಲ್ಲಿ ಬೇಯಿಸುವ ಹಾಗಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ನೇಮ, ಸಿಟ್ಟಿನ ಭರದಲ್ಲಿ ಮರೆತೇಹೋಗಿತ್ತು. ಮನೆ ತುಂಬ ಅಕ್ಕಿ ಬೇಳೆ, ಗೇರ್ ಬಾಕ್ಸಿಗೆ ಒಂದು ರೂಪಾಯಿಯೂ ಇಲ್ಲ. ಆಗ ನಾನು ಅತ್ತೆ. ಊರನ್ನು ನಾಚಿಸಲು ಹೋಗಿ ಊರೆಲ್ಲ ತಿರುಗಿ ಬೇಡಿ ಬಂದಿದ್ದೆ, ಮಾರನೆಯ ದಿನಕ್ಕೆ ಓಲೆಯ ದುಡ್ಡೂ ಮುಳುಗುವುದಿತ್ತು.

ನೇಮದ ಪ್ರಕಾರ ಚೀಲಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಸಿದ್ದಪ್ಪನವರ ಜಗುಲಿಗೆ ಒಯ್ದೆವು. ನಿಮ್ಮ ಪರದ ಅಕ್ಕಿ ತಗೊಳ್ಳಿ ಎಂದು ಇಳಿಸಿ ಹೊರಟೆ. ಅವರು ಚೀಲಗಳನ್ನು ಮುಟ್ಟಿಮುಟ್ಟಿ ನೋಡಿ, ನಿಂತುಕೊಳ್ಳವ್ವ ಎಂದು ಒಳಗೆ ಹೋಗಿ, ಅರಿಶಿನದ ಬಟ್ಟೆಯ ಗಂಟೊಂದನ್ನು ತಂದು ನಮ್ಮ ಯಜಮಾನರ ಮುಂದೆ ಇಟ್ಟರು.

“ಅಕ್ಕಿಬ್ಯಾಳೆ ತರಕ್ಕೆ, ಲಾರಿ ಬಾಡ್ಗೆಗೆ ಅಂತ ಮಡ್ಗಿದ್ ಕಾಸು” ಎಂದರು. “ಅಕ್ಕಿ ನೀವೇ ತಂದ್ರಿ. ಲಾರಿನೂ ನಿಮ್ದೇ ಆಗ್ಲಿ.”

ನನಗೆ ಧರ್ಮದ ದುಡ್ಡು ಬೇಡ ಎಂದೆ. ಆ ಹೊತ್ತಿನಲ್ಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ.

ಅವರು ನನ್ನ ಮುಖ ನೋಡಲಿಲ್ಲ. “ಧರ್ಮ ಅಲ್ಲ ಕಣವ್ವ, ಬಾಡ್ಗೆ. ಇಷ್ಟ್ ವರ್ಸುದ್ದು. ನೆನ್ನೆ ನೀನು ಏಳಿದ್ದು ದಿಟ.”

ಆ ಗಂಟು ಗುಜರಿಯವನ ಬಾಕಿಗೂ ಮೇಸ್ತ್ರಿಯ ಕೂಲಿಗೂ ಸರಿಹೋಯಿತು. ಓಲೆ ಬಿಡಿಸುವುದಕ್ಕೆ ಯುಗಾದಿ ದಾಟಬೇಕಾಯಿತು, ಅದು ಬೇರೆ ಮಾತು. ಮಾರನೆಯ ದಿನ ಗೇರ್ ಬಾಕ್ಸ್ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಂತು. ಕೂರಿಸಲು ಗುರುವಾರ ಸಂಜೆಯವರೆಗೂ ಆಗುತ್ತದೆ ಎಂದ ಮೇಸ್ತ್ರಿ. ಅಲ್ಲಿಯವರೆಗೆ ನಂಜುಂಡನ ಬಾಡಿಗೆಗೆ ಏನು ಮಾಡುವುದು ಎಂದು ಮನೆಗೆ ಬಂದು ತಲೆ ಮೇಲೆ ಕೈಹೊತ್ತು ಕುಳಿತಿದ್ದಾಗ, ಕೆಂಪಮ್ಮ ಮಗನನ್ನು ಮುಂದೆ ಬಿಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದಳು. ಅವನು ನೆಲ ನೋಡುತ್ತಾ, ಗುರುವಾರದವರೆಗೆ ಡೀಸೆಲ್ ಕಾಸು ಮಾತ್ರ ಸಾಕು ಎಂದ. ರೂಟಿನ ವಿಷಯವನ್ನೂ ಹೇಳು ಎಂದು ತಾಯಿ ತಿವಿದಳು. ಕೊನೆಗೆ ಅವಳೇ ಅವನಿಗೆ ಹೇಳಿದಳು.

“ಕ್ವಾರಣ್ಯ ಆಕಿದ್ ಮನೆ ಕಣ್ಲಾ ನಮ್ದು. ನಾ ಅನ್ನ ಆಕಿದ್ ಜೋಳ್ಗೆಗೆ ನೀ ಕೈ ಆಕ್‌ಬ್ಯಾಡ.”

ಶುಕ್ರವಾರ ಬೆಳಿಗ್ಗೆ ನಮ್ಮ ಗಾಡಿ, ಹಗ್ಗದ ಬಾಗಿಲ ಸಮೇತ, ಡೇರಿಯ ಮುಂದೆ ನಿಂತಿತು. ಸೂಪರ್‌ವೈಸರ್ ಒಂದು ಸುತ್ತು ಹಾಕಿ ನೋಡಿ ಹೋದರು. ಮೊದಲನೇ ಗೇರು ಒಂದೇ ಕೈಗೆ ಬಿತ್ತು. ಭಾನುವಾರ ಸಂಜೆಯ ಹಾಲು ಇಳಿಸಿ, ಸೋಮವಾರದ ಹಾಲಿಗೆ ಬೇರೆ ಗಾಡಿ ಹೊಂದಿಸಿ, ಕ್ಯಾನ್ ಇದ್ದ ಜಾಗಕ್ಕೆ ಕೋರಣ್ಯದ ಚೀಲಗಳನ್ನು ಹೇರಿ ಬೆಟ್ಟ ಹತ್ತಿದೆವು. ತಿರುವಿನಲ್ಲೆಲ್ಲ ನಾನು ಕಿವಿಕೊಟ್ಟು ಕೇಳುತ್ತಿದ್ದೆ, ಎಲ್ಲೂ ಗೊರ ಎನ್ನಲಿಲ್ಲ. ಸೋಮವಾರ ಮಾದಪ್ಪನ ಎದುರು ನಿಂತಾಗ ಏನು ಹೇಳಬೇಕೆಂದು ತಿಳಿಯದೆ ಸೆರಗು ಹಿಡಿದು ಅತ್ತುಬಿಟ್ಟೆ. ನೀನೇ ರಿಪೇರಿ ಮಾಡಿಸು ಎಂದಿದ್ದೆ, ಮಾಡಿಸಿದ್ದ. ನನ್ನ ಸಿಟ್ಟನ್ನೇ ಆಳು ಮಾಡಿಕೊಂಡು ಮಾಡಿಸಿದ್ದ. ಅವನಿದ್ದಾನೆ ಎಂದು ಮೊದಲೂ ನಂಬಿದ್ದೆ. ಬೈದರೂ ಕೇಳಿಸಿಕೊಳ್ಳುತ್ತಾನೆ ಎಂದು ಈಗ ನಂಬಿದ್ದೇನೆ.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಮೊನ್ನೆ ನಂಜುಂಡನ ಹೊಸ ಗಾಡಿ ಹನೂರಿನ ಹತ್ತಿರ ಹಳ್ಳಕ್ಕೆ ಇಳಿದು ಮುಂಭಾಗವೆಲ್ಲ ಜಜ್ಜಿಹೋಯಿತು. ಅವನೂ ಈಗ ಆಚೆ ಕಡೆಯ ಒಂದು ಹಾಲಿನ ರೂಟು ಹಿಡಿದಿದ್ದಾನೆ. ಸೂಪರ್‌ವೈಸರ್ ನನಗೆ ಫೋನ್ ಮಾಡಿ, ಆ ರೂಟನ್ನೂ ನೀವೇ ಹಿಡಿಯುತ್ತೀರಾ ಎಂದರು. ನಿಜ ಹೇಳುತ್ತೇನೆ, ನನಗೆ ಬಾಯಲ್ಲಿ ನೀರೂರಿತು. ನಾಳೆ ಹೇಳುತ್ತೇನೆ ಎಂದೆ.

ಮಾರನೆಯ ದಿನ ಸೋಮವಾರ. ಬೆಳಗಿನ ಹಾಲು ಇಳಿಸಿ ಬಂದು ಕುಳಿತಿದ್ದೆ. ಬಾಗಿಲಲ್ಲಿ “ಕ್ವಾರಣ್ಯ” ಎಂದು ಕೂಗಿದ್ದು ಕೇಳಿಸಿತು. ಹೋಗಿ ನೋಡಿದರೆ ವಿಭೂತಿ ಬಳಿದುಕೊಂಡು, ಜೋಳಿಗೆ ಹಾಕಿಕೊಂಡು ಕೆಂಪಮ್ಮ ನಿಂತಿದ್ದಾಳೆ. ಹಿಂದೆ ಗೋಣಿಚೀಲ ಹಿಡಿದ ನಂಜುಂಡ. ಅವನು ನನ್ನ ಮುಖ ನೋಡಲಿಲ್ಲ. ಅವನ ಮೇಲಿನ ಸಿಟ್ಟು ನನಗೆ ಪೂರ್ತಿ ಹೋಗಿಲ್ಲ, ಇವತ್ತಿಗೂ ಹೋಗಿಲ್ಲ. ಒಳಗೆ ಹೋಗಿ ಎರಡು ಮೊರ ಅಕ್ಕಿ ತಂದು ಜೋಳಿಗೆಗೆ ಸುರಿದು, ಆ ಮುದುಕಿಯ ಕಾಲು ಮುಟ್ಟಿದೆ. ಆಮೇಲೆ ಸೂಪರ್‌ವೈಸರಿಗೆ ಫೋನ್ ಮಾಡಿ, ನಂಜುಂಡನ ಗಾಡಿ ಬರುವ ತನಕ ಅವನ ಹಾಲನ್ನು ನಾವು ಸಾಗಿಸುತ್ತೇವೆ, ರೂಟು ಮಾತ್ರ ಅವನ ಹೆಸರಿನಲ್ಲೇ ಇರಲಿ ಎಂದೆ. ಅವನಿಂದ ನಾವು ಡೀಸೆಲ್ ಕಾಸಷ್ಟೇ ತೆಗೆದುಕೊಳ್ಳುತ್ತಿದ್ದೇವೆ.