ಮಾತಾಡಿದ ಬಳ್ಳಿಗೆ ಕತ್ತಿ ಹಾಕಿದ ಎಬಿಲ್

ಬೆಳಗಿನ ಐದು ಗಂಟೆ. ಕಾಲಿಗೆ ಮಂಡಿಯುದ್ದದ ಬೂಟು, ಬಾಯಲ್ಲಿ ಎಲೆ-ಅಡಿಕೆ, ಕೈಯಲ್ಲಿ ಕತ್ತಿ. ಎಬಿಲ್ ರೆಂಗೀಲ್ ಕಂಬದಿಂದ ಕಂಬಕ್ಕೆ ನಡೆಯುತ್ತಾ ಬಳ್ಳಿಗಳಿಗೆ ಬೈಯುತ್ತಿದ್ದಾರೆ. "ನಿನ್ನೆ ಸಂಜೆ ಇಲ್ಲಿರಲಿಲ್ಲ ನೀನು. ಬೆಳಗಾಗೋದ್ರೊಳಗೆ ಒಂದು ಗೇಣು ಹತ್ತಿದೀಯಾ, ನಾಚಿಕೆಗೆಟ್ಟವಳೇ!"

ಪೆಸಿಫಿಕ್ ಸಾಗರದ ಪಲಾವ್ ದೇಶದ ಬಬೆಲ್ದಾಬ್ ದ್ವೀಪದ ಈ ಕ್ರೈಸ್ತ ಶಾರ್ಟ್‌ವೇವ್ ಬಾನುಲಿ ದಿನಕ್ಕೆ ಹದಿನಾಲ್ಕು ಗಂಟೆ ಮಾತಾಡುತ್ತದೆ. ಸ್ವಂತ ಹಾಡು, ಪ್ರಾರ್ಥನೆ ಮೂರೇ ಗಂಟೆ. ಮಿಕ್ಕದ್ದೆಲ್ಲ ಬಾಡಿಗೆಗೆ. ಯಂತ್ರದ ಕೋಣೆಯಿಂದ ಆಂಟೆನಾದವರೆಗೆ ಇಪ್ಪತ್ತಾರು ಕಂಬಗಳ ಮೇಲೆ ತಂತಿ ಓಡುತ್ತದೆ. ಒಂದು ಹಸಿ ಬಳ್ಳಿ ತಾಗಿದರೂ ಟ್ರಾನ್ಸ್‌ಮಿಟರ್ ತಂತಾನೇ ಆರಿಹೋಗುತ್ತದೆ. ಐದು ಭಾಷೆಗಳ ಬಾಯಿ ಕಟ್ಟುತ್ತದೆ.

ಎಬಿಲ್‌ಗೆ ಐವತ್ತೆಂಟು. ಮೀನಿಗೆ ಹೋದ ಗಂಡ ವಾಪಸು ಬರಲಿಲ್ಲ. ಕೆಸುವಿನ ಗದ್ದೆಯ ಕೆಸರಲ್ಲಿ ದುಡಿದೇ ಮೂರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದರು. ತಂತಿಯ ಸಾಲಿನ ಹುಲ್ಲು-ಬಳ್ಳಿ ಕೊಯ್ಯುವ ಕೆಲಸಕ್ಕೆ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಕೇಂದ್ರದ ವಾರ್ಷಿಕ ಫೋಟೊದಲ್ಲಿ ಕಾವಲಿನ ನಾಯಿಯೂ ಇದೆ, ಇವರಿಲ್ಲ. "ಫೋಟೊ ಹೊತ್ತಿಗೆ ನಾನು ಪೊದೆಯೊಳಗಿದ್ದೆ. ಕೂಗಿದ್ರಂತೆ. ಯಾರಿಗೆ ಕೇಳುತ್ತೆ?"

ಕಳೆದ ಅಕ್ಟೋಬರಿನ ಕಥೆಯನ್ನು ಮಾತ್ರ ಈಗ ಇಡೀ ಊರೇ ಹೇಳುತ್ತದೆ.

ಬಾನುಲಿ ಶುರುವಾಗುವ ಬೆಳಗಿನ ಆರರ ಅರ್ಧ ಗಂಟೆಯನ್ನು ದಕ್ಷಿಣ ಕೊರಿಯಾದ ಸೋಲ್‌ನ ಒಂದು ಸಂಘ ಬಾಡಿಗೆಗೆ ಹಿಡಿದಿದೆ. ಕೊರಿಯಾ ಯುದ್ಧದಲ್ಲಿ ಕೈತಪ್ಪಿದ ಬಂಧುಗಳಿಗೆ ಉತ್ತರ ಕೊರಿಯಾದತ್ತ ಕೂಗಿ ಹೇಳುವ ಹೊತ್ತದು. ಮೂರು ದಿನ ಸತತವಾಗಿ ಅದೇ ಹೊತ್ತಿಗೆ ಯಂತ್ರ ಆರಿತು. ನಾಲ್ಕನೇ ದಿನ ಹಾಮ್ ಬುನ್-ನ್ಯೊ ಎಂಬ ತೊಂಬತ್ತಮೂರರ ಅಜ್ಜಿಯ ಸರದಿ. ಅಂದು ಅವರ ತಮ್ಮನ ಹುಟ್ಟುಹಬ್ಬ. ಕೈತಪ್ಪಿದಾಗ ಅವನಿಗೆ ಏಳು ವರ್ಷ. ಇನ್ನೊಂದು ಹುಟ್ಟುಹಬ್ಬಕ್ಕೆ ತಾನಿರುತ್ತೇನೋ ಇಲ್ಲವೋ ಎಂದು ಧ್ವನಿಮುದ್ರಣದ ಜೊತೆ ಕಳಿಸಿದ ಚೀಟಿಯಲ್ಲಿ ಅಜ್ಜಿಯೇ ಬರೆದಿದ್ದರು.

ಫಿಲಿಪೀನ್ಸಿನ ಎಂಜಿನಿಯರ್ ರೊಡೆಲ್ ಯಂತ್ರವನ್ನು ಬಿಚ್ಚಿ ಜೋಡಿಸಿ ಸುಸ್ತಾಗಿದ್ದ. "ತಂತಿ ನೋಡೋಣ" ಎಂದು ಎಬಿಲ್ ಹೇಳಿದರೆ, "ಅಕ್ಕಾ, ಇದು ಹುಲ್ಲು ಕೊಯ್ಯೋ ವಿಷಯ ಅಲ್ಲ" ಎಂದಿದ್ದ. ಎಬಿಲ್‌ಗೆ ರೇಗಿತು. ಆ ನಾಲ್ಕನೇ ದಿನ ಬೆಳಗಿನ ಕೆಲಸ ಮುಗಿದರೂ ಮನೆಗೆ ಹೋಗದೆ ತಂತಿಯ ಸಾಲಿನಿಂದ ದೂರ ಸರಿದು ಕಾದು ನಿಂತರು.

ಆರು ದಾಟಿ ನಾಲ್ಕು ನಿಮಿಷ. ಹತ್ತೊಂಬತ್ತನೇ ಕಂಬದ ಹಿಂದೆ, ಕೇದಗೆ ಮೆಳೆಯ ಮರೆಯಲ್ಲಿ, ಚಟಚಟ ಸದ್ದು, ಹೊಗೆ. ಇಬ್ಬನಿಗೆ ಒದ್ದೆಯಾದ ಬಳ್ಳಿ ತಂತಿಗೆ ತಾಗಿಯೂ ತಾಗದಂತೆ ಓಲಾಡಿ ಕಿಡಿ ಹಾರುತ್ತಿದೆ; ಯಂತ್ರ ಇನ್ನೂ ಆರಿಲ್ಲ. ತಂತಿಯಲ್ಲಿ ಹರಿಯುವ ದನಿ ಆ ಕಿಡಿಯಲ್ಲೇ ಕೇಳುತ್ತಿದೆ! ಮುದುಕಿಯ ನಡುಗುವ ಗಂಟಲು, ಕೊರಿಯನ್ ಮಾತು.

"ರೊಡೆಲ್, ಆರ್ಸು! ಬಳ್ಳಿ ಮಾತಾಡ್ತಿದೆ!" ವಾಕಿಟಾಕಿಯಲ್ಲಿ ಕೂಗಿದರು.

"ಎಲೆ-ಅಡಿಕೆ ಜಾಸ್ತಿ ಆಯ್ತಾ ಅಕ್ಕಾ?"

"ಬೈಬಲ್ಲಲ್ಲಿ ಪೊದೆ ಮಾತಾಡಿದ್ರೆ ನಂಬ್ತೀಯ, ನನ್ನ ಪೊದೆ ಮಾತಾಡಿದ್ರೆ ನಗ್ತೀಯಾ? ಮೊದ್ಲು ಆರ್ಸು ಮಾರಾಯ!"

ಯಂತ್ರ ಆರಿತು. ಎಬಿಲ್ ಕತ್ತಿ ಬೀಸಿದರು. ಬುಡಸಮೇತ ಕಿತ್ತು ಮುಗಿಸಿದಾಗ ಆರು ಹನ್ನೆರಡು. ಅಜ್ಜಿಯ ಮಾತು ಅರ್ಧಕ್ಕೇ ನಿಂತಿತ್ತು. ಮೊದಲಿಂದ ಹಾಕಿದರೆ ಆರೂವರೆ ದಾಟುತ್ತದೆ. ಆಮೇಲಿನದು ಅಮೆರಿಕದ ಪಾದ್ರಿಯೊಬ್ಬರ ಬಾಡಿಗೆ ಹೊತ್ತು. ರೊಡೆಲ್ ಕೈ ಹಿಂದೆಗೆದ.

"ಪಾದ್ರಿಗೆ ನಾನು ಹೇಳ್ಕೋತೀನಿ," ಎಂದರು ಎಬಿಲ್. "ದೇವರ ಮಾತು ಹನ್ನೆರಡು ನಿಮಿಷಕ್ಕೆ ಹಳಸಲ್ಲ. ಹುಟ್ಟುಹಬ್ಬ ಇವತ್ತೇ ಇರೋದು. ಹಾಕು!"

ಹಾಕಿದ. ಈ ಸಲ ಯಂತ್ರ ಮಿಸುಕಲಿಲ್ಲ. ವಿಷಯ ತಿಳಿದ ಪಾದ್ರಿ ನಕ್ಕು, "ಆಕೆ ಮಾಡಿದ್ದೇ ಸರಿ" ಎಂದರಂತೆ. ವಾರದ ನಂತರ ಜಪಾನಿನ ನಿಗಾಟಾದಿಂದ ಕೇಳುಗನೊಬ್ಬನ ಪತ್ರ ಬಂತು: ಅಜ್ಜಿಯ ಮಾತು ಕೊನೆಯವರೆಗೂ ಸ್ವಚ್ಛವಾಗಿ ಕೇಳಿತು. ಅಲ್ಲಿಗೆ ಮುಟ್ಟಿದ್ದು ಪಕ್ಕದ ಉತ್ತರ ಕೊರಿಯಾಕ್ಕೂ ಮುಟ್ಟಿರಲೇಬೇಕೆಂದು ರೊಡೆಲ್ ಕುಣಿದಾಡಿದ. ಈಗ ಏನು ಕೆಟ್ಟರೂ ಅವನು ಮೊದಲು ಓಡುವುದು ಎಬಿಲಕ್ಕನ ಹತ್ತಿರ.

ಸೋಲ್‌ನಿಂದ ಅಜ್ಜಿ ದುಭಾಷಿಯನ್ನು ಕೂರಿಸಿಕೊಂಡು ಫೋನ್ ಮಾಡಿದರು. "ತಮ್ಮ ಕೇಳಿದ್ನೋ ಇಲ್ವೋ ಗೊತ್ತಿಲ್ಲ ತಾಯಿ. ಎಪ್ಪತ್ತು ವರ್ಷದಿಂದ ಎದೇಲಿದ್ದದ್ದನ್ನ ಹೇಳಿ ಮುಗಿಸ್ದೆ." ಎಬಿಲ್ ಅತ್ತುಬಿಟ್ಟರು.

ನಿಮಗೇನು ಆಸೆ ಎಂದು ಕೇಳಿದರೆ ಅವರು ಕತ್ತಿ ಮಸೆಯುವುದನ್ನು ನಿಲ್ಲಿಸುವುದಿಲ್ಲ.

"ಆ ಅಕ್ಕ-ತಮ್ಮ ಎದುರುಬದುರು ಕೂತು ಜಗಳ ಆಡ್ಬೇಕು. ಆ ಅರ್ಧ ಗಂಟೆ ಬಾಡಿಗೆಗೆ ಯಾರಿಗೂ ಬೇಡವಾಗ್ಬೇಕು. ಅಲ್ಲೀತನಕ ನನ್ನ ತಂತಿ ಮೇಲೆ ಒಂದೆಲೆ ಕೂರೋಕೂ ಬಿಡಲ್ಲ."